ಒಡೆಯದ ಲಕೋಟೆ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂವತ್ತೆರಡು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವಳನ್ನು ಎಲ್ಲರೂ ಕರೆದದ್ದು ಅಂಟಕ್ಕ ಎಂದೇ. "ಕಾಗದಕ್ಕೆ ಕಾಗದ ಅಂಟಿಸಿದ್ದೇ ಬಂತು, ತಾನು ಮಾತ್ರ ಯಾರಿಗೂ ಅಂಟಿಕೊಳ್ಳಲಿಲ್ಲ" ಎಂದು ಜೊತೆಯವರು ನಗೆಯಾಡುತ್ತಿದ್ದರು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ಕಳೆದುಹೋಗಿತ್ತು. ಅಪ್ಪ ಹೋದ ಮೇಲೆ ಆ ಮಾತೆತ್ತುವವರೇ ಉಳಿಯಲಿಲ್ಲ.

ನಿವೃತ್ತಿಯ ನಂತರ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಎಳೆದುಕೊಂಡ ಮೇಜಿನ ಮೇಲೆ, ಹಳೇ ಸಾಮಾನಿನ ಅಂಗಡಿಯವನು ತಂದುಕೊಡುವ ಹರಿದ ನಕ್ಷೆ, ಹುಳು ತಿಂದ ಪತ್ರಗಳನ್ನು ಸರಿಪಡಿಸುತ್ತಿದ್ದಳು. ದಿನವಿಡೀ ಕಂಡವರ ಕಾಗದ ಅವಳ ಕೈಯಲ್ಲಿ. ಅವಳ ಹೆಸರಿಗೆ ಬರುತ್ತಿದ್ದದ್ದು ಕರೆಂಟ್ ಬಿಲ್ ಒಂದೇ. ತನ್ನ ದನಿ ಇನ್ನೂ ಇದೆಯೋ ಇಲ್ಲವೋ ಎಂದು ನೋಡುವುದಕ್ಕೇ ಕೆಲವು ದಿನ ತರಕಾರಿಯವನ ಹತ್ತಿರ ಬೇಡದ ಚೌಕಾಸಿಗೆ ಇಳಿಯುತ್ತಿದ್ದಳು.

ಒಂದು ದಿನ ಅಂಗಡಿಯವನು ಕಂದುಬಣ್ಣಕ್ಕೆ ತಿರುಗಿದ ಲಕೋಟೆಯೊಂದನ್ನು ತಂದ.

"ಅಕ್ಕ, ಇದು ಹುಷಾರು. ಅರವತ್ತು ವರ್ಷದ ಹಿಂದೆ ಯುದ್ಧದಿಂದ ಒಬ್ಬ ಸಿಪಾಯಿ ಮನೆಗೆ ಬರೆದದ್ದು. ಮೂಲೆ ಹರಿದಿದೆ, ಅಷ್ಟು ಸರಿಮಾಡಿ ಸಾಕು. ಒಡೀಬೇಡಿ."

"ಒಳಗಿನ ಹಾಳೆಗೂ ಹುಳ ಹಿಡಿದಿದ್ರೆ?"

"ಹಿಡಿದಿರ್ಲಿ ಬಿಡಿ. ಯಾರೂ ಓದಿಲ್ಲ ಅನ್ನೋದೇ ಇದರ ಬೆಲೆ. ಸಂಗ್ರಹದ ಹುಚ್ಚಿರೋ ಡಾಕ್ಟರು ಒಬ್ಬರು ಆಗ್ಲೇ ತುದಿಗಾಲಲ್ಲಿ ನಿಂತಿದ್ದಾರೆ."

ಅವನು ಹೋದ ಮೇಲೆ ಅಂಟಕ್ಕ ಲಕೋಟೆಯನ್ನು ಬೆಳಕಿಗೆ ಹಿಡಿದಳು. ಸೇನಾ ಅಂಚೆಯ ಮುದ್ರೆ. ಒಬ್ಬ ಹೆಂಗಸಿನ ಹೆಸರು. ಕೆಳಗೆ ಬೀದಿಯ ಹೆಸರು. ಆ ಬೀದಿ ಬಸ್ಸಿನಲ್ಲಿ ಹೋದರೆ ನಾಲ್ಕೇ ನಿಲ್ದಾಣದಾಚೆ! ಮೂಲೆಗೆ ತೇಪೆ ಹಾಕಿ ಮುಗಿಸಿದರೂ ಮನಸ್ಸು ಅದನ್ನು ಬಿಡಲಿಲ್ಲ. ಭಾನುವಾರ ಲಕೋಟೆಯನ್ನು ಎರಡು ರಟ್ಟಿನ ನಡುವೆ ಇಟ್ಟುಕೊಂಡು ಹೊರಟೇಬಿಟ್ಟಳು.

ಆ ವಿಳಾಸದಲ್ಲಿ ಈಗ ಟೈರಿನ ಅಂಗಡಿ. ಪಂಕ್ಚರ್ ಹಾಕುತ್ತಿದ್ದವನು ಹೆಸರು ಕೇಳಿ ತಲೆಯೆತ್ತಿದ. "ಅಜ್ಜಿನಾ? ಇದ್ದಾರಲ್ಲ. ಈ ಮನೆ ಮಾರಿದ ಮೇಲೆ ತಂಗಿ ಮಗಳ ಜೊತೆ ಇದ್ದಾರೆ. ಹಿಟ್ಟಿನ ಗಿರಣಿ ಹಿಂದೆ, ಮೇಲ್ಗಡೆ."

ಅಜ್ಜಿ ಹಿಂಬದಿಯ ಕೋಣೆಯಲ್ಲಿ ಒಬ್ಬಳೇ ಕುಳಿತಿದ್ದಳು. ಲಕೋಟೆಯನ್ನು ಕೈಗೆ ಕೊಟ್ಟದ್ದೇ ತಡ, ಕನ್ನಡಕ ಹುಡುಕದೆ ಬೆರಳಿನಿಂದಲೇ ಅದನ್ನು ಸವರಿದಳು.

"ನನ್ನ ತಮ್ಮಂದು. ಮನೆ ಖಾಲಿ ಮಾಡುವಾಗ ಪೆಟ್ಟಿಗೆ ಸಮೇತ ಗುಜರಿಗೆ ಹಾಕಿಬಿಟ್ರು."

"ಯಾಕಮ್ಮ ಒಡೀಲಿಲ್ಲ?"

"ಸೈನ್ಯಕ್ಕೆ ಸೇರ್ಬೇಡ ಅಂದೆ. ಕೇಳ್ಲಿಲ್ಲ. ಹೊರಡೋ ದಿನ ನಾನು ಬಾಗಿಲಿಗೂ ಬರ್ಲಿಲ್ಲ. ಅವನು ಅಲ್ಲೇ ತೀರ್ಕೊಂಡ ಅಂತ ಸುದ್ದಿ ಬಂತು. ಮೂರು ದಿನ ಬಿಟ್ಟು ಇದು ಬಂತು. ಬೈದೇ ಬರ್ದಿರ್ತಾನೆ. ಬದುಕಿರೋರು ಬೈದ್ರೆ ತಿರುಗಿಸಿ ಬೈಬಹುದು. ಸತ್ತೋರು ಬೈದ್ರೆ ಏನ್ ಮಾಡ್ಲಿ?"

ಅಂಟಕ್ಕ ತನ್ನ ಜೀವಮಾನದಲ್ಲಿ ಕೆಲಸಕ್ಕೆ ಮೋಸ ಮಾಡಿದವಳಲ್ಲ. ಆದರೂ ಬಾಯಿಂದ ಮಾತು ಬಿತ್ತು: "ಗೊತ್ತಾಗದ ಹಾಗೆ ತೆಗೀಬಲ್ಲೆ. ಹಾಗೇ ಮುಚ್ಚಲೂಬಲ್ಲೆ."

ಅಜ್ಜಿ ಲಕೋಟೆಯನ್ನು ಅವಳ ಕಡೆ ಚಾಚಿದಳು. "ತೆಗಿ."

ಒಲೆಯ ಮೇಲಿನ ಪಾತ್ರೆಯ ಹಬೆಗೆ ಲಕೋಟೆ ಹಿಡಿದು, ತೆಳ್ಳನೆಯ ಪಟ್ಟಿಯಿಂದ ಮಡಿಕೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡಿಸಿ, ಅಂಟಕ್ಕ ಓದಿದಳು.

"ಅಕ್ಕ, ದವಡೆ ಹಲ್ಲು ನೋಯುತ್ತಿದೆ. ಇಲ್ಲಿಯ ವೈದ್ಯ ಹಲ್ಲು ಕೀಳುವ ಮೊದಲೇ ತಾನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಪಕ್ಕದಲ್ಲಿ ಮಲಗುವವನ ಗೊರಕೆ ಕೇಳಿದರೆ ಶತ್ರುಗಳೂ ಗಂಟುಮೂಟೆ ಕಟ್ಟಬೇಕು. ಹೋದ ಕಾಗದದಲ್ಲಿ ತಪ್ಪಾಯಿತು ಎಂದು ಬರೆದಿದ್ದೆ. ನಿನ್ನ ಉತ್ತರ ಬರಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡಿದ್ದೇನೆ. ಇರಲಿ, ಬಂದ ಮೇಲೆ ಎದುರಿಗೇ ಬೈಸಿಕೊಳ್ಳುತ್ತೇನೆ."

"ಯಾವ ಕಾಗದ?" ಅಜ್ಜಿ ಕೇಳಿದಳು. "ನನಗೆ ಬಂದದ್ದು ಇದೊಂದೇ."

ಸುಮ್ಮನಿದ್ದುದನ್ನು ಕೆದಕಿ ಈ ಜೀವಕ್ಕೆ ಹೊಸ ಗಾಯ ಮಾಡಿದೆನಲ್ಲ ಎಂದು ಅಂಟಕ್ಕನಿಗೆ ಅನ್ನಿಸಿತು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ನನ್ನ ಮೇಲೆ ಅವನಿಗೆ ಕೋಪ ಅಂತ ನಾನು. ಅವನ ಮೇಲೆ ನನಗೆ ಕೋಪ ಅಂತ ಅವನು. ಇಬ್ಬರಿಗೂ ಇರ್ಲಿಲ್ಲ ನೋಡು. ಆ ಹಲ್ಲಿಂದು ಇನ್ನೊಂದ್ಸಲ ಓದು."

ಮೂರು ಸಲ ಓದಿದ್ದಾಯಿತು. ಕೊಳ್ಳಲು ಕಾದಿರುವ ಡಾಕ್ಟರ ವಿಷಯ ಹೇಳಿ, ಲಕೋಟೆಯನ್ನು ಇಲ್ಲೇ ಬಿಟ್ಟುಹೋಗಲೇ ಎಂದು ಅಂಟಕ್ಕ ಕೇಳಿದ್ದಕ್ಕೆ ಅಜ್ಜಿ ತಲೆಯಾಡಿಸಿದಳು. "ಬೇಡ, ಮುಚ್ಚಿಬಿಡು. ನಾನು ಹೋದ್ಮೇಲೆ ಮತ್ತೆ ಗುಜರಿಗೇ. ಆ ಡಾಕ್ಟರ ಹತ್ರ ಇದ್ರೆ ಹುಳನಾದ್ರೂ ಹಿಡಿಯಲ್ಲ."

ಮತ್ತೆ ಮುಚ್ಚಿ ತಂದ ಲಕೋಟೆಯನ್ನು ಅಂಗಡಿಯವನು ಭೂತಗನ್ನಡಿ ಹಿಡಿದು ನೋಡಿ, "ಕೈ ಅಂದ್ರೆ ಇದು ಕೈ!" ಎಂದ. ಅಂಟಕ್ಕ ಆ ಕೆಲಸಕ್ಕೆ ಕೂಲಿ ಮುಟ್ಟಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಅವಳು ಗಿರಣಿಯ ಹಿಂದಿನ ಮೆಟ್ಟಿಲು ಹತ್ತಿದಳು. ಕಾಗದ ಬಾಯಿಪಾಠವಾಗಿತ್ತು, ಒಪ್ಪಿಸುತ್ತಿದ್ದಳು, ಅಜ್ಜಿ ಕೇಳುತ್ತಿದ್ದಳು. ಡಾಕ್ಟರು ಒಮ್ಮೆ ಸಂಗ್ರಹವನ್ನು ಪ್ರದರ್ಶನಕ್ಕಿಟ್ಟಾಗ ಅಂಟಕ್ಕ ಹೋಗಿ ನೋಡಿಕೊಂಡು ಬಂದಳು. ಒಳಗಿರುವುದು ಪ್ರೇಮಪತ್ರವೇ ಎಂದು ಡಾಕ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿ ಅಜ್ಜಿ ಕೆಮ್ಮು ಬರುವವರೆಗೂ ನಕ್ಕಳು. ಅಂಟಕ್ಕನಿಗೆ ವಾರವೆಂದರೆ ಭಾನುವಾರವಾಗಿತ್ತು.

ಏಳು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ತಂಗಿ ಮಗಳ ಬದಲು ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲು ತೆಗೆದಳು.

"ಅಜ್ಜಿ ಶುಕ್ರವಾರವೇ ಹೋದ್ರು. ಎಲ್ಲ ಮುಗೀತು. ನೀವು ಅವರಿಗೆ ಏನಾಗ್ಬೇಕು?"

"ಏನೂ ಇಲ್ಲಮ್ಮ. ಒಂದು ಕಾಗದ ಓದಿ ಹೇಳ್ತಿದ್ದೆ" ಎಂದಳು ಅಂಟಕ್ಕ.

"ಯಾವ ಕಾಗದ?"

"ಅವರ ತಮ್ಮಂದು" ಎಂದು ಹೇಳಿ ಅವಳು ಮೆಟ್ಟಿಲಿಳಿದಳು. ಭಾನುವಾರವಾದ್ದರಿಂದ ಬಸ್ಸು ತಡವಾಗಿ ಬಂತು. ಆ ಹುಡುಗ ಬರೆದದ್ದನ್ನು ಬಲ್ಲವಳು ಈಗ ಜಗತ್ತಿನಲ್ಲಿ ಅವಳೊಬ್ಬಳೇ. ಕಿಟಕಿಯ ಪಕ್ಕ ಕುಳಿತು ಕಾಗದವನ್ನು ಮೊದಲಿನಿಂದ ಹೇಳಿಕೊಳ್ಳತೊಡಗಿದಳು, ತುಟಿ ಅಲುಗಿಸದೆ.