ಗುಂಡಿ ಹಾಕಿದ ಜೇಬು

ನಮ್ಮ ಚೆಸ್ ಕ್ಲಬ್ಬಿನ ದರ್ಜಿಗೆ ಸೊಟ್ಟಗಿರುವ ಯಾವುದನ್ನು ಕಂಡರೂ ಆಗುವುದಿಲ್ಲ. ಗೋಡೆಯ ಕ್ಯಾಲೆಂಡರ್ ವಾಲಿದ್ದರೆ ಎದ್ದು ಹೋಗಿ ನೆಟ್ಟಗೆ ಮಾಡುತ್ತಾನೆ. ಎದುರಿಗಿದ್ದವನ ಕಾಲರ್ ಮಡಚಿದ್ದರೆ, ಗುರುತಿರಲಿ ಬಿಡಲಿ, ಕೈ ಹಾಕಿಬಿಡುತ್ತಾನೆ. ಹೊಗಳುತ್ತಿಲ್ಲ, ಕ್ಲಬ್ಬಿನ ತೀರ್ಪುಗಾರನಾದ ನನಗೆ ಆ ಕೈಯಿಂದ ಸಾಕುಸಾಕಾಗಿದೆ.

ಅವನ ಆರಂಭವೂ ಒಂದೇ. ಕಪ್ಪು ಕಾಯಿ ಸಿಕ್ಕರೆ ಎರಡನೇ ನಡೆಗೇ ರಾಣಿಯನ್ನು ಬಯಲಿಗೆ ತರುತ್ತಾನೆ, ಮೂರನೆಯದಕ್ಕೆ ಅಂಚಿಗೆ ಸರಿಸುತ್ತಾನೆ. ನೋಡಿದವರು ನಗುತ್ತಿದ್ದರು. ಅದನ್ನೇ ಆಡಿ ಹತ್ತೊಂಬತ್ತು ವರ್ಷ ತಂಡದ ಮೊದಲ ಬೋರ್ಡನ್ನು, ಅಂದರೆ ಅಗ್ರ ಆಟಗಾರನ ಜಾಗವನ್ನು, ಉಳಿಸಿಕೊಂಡಿದ್ದ.

ಅದನ್ನು ಕಿತ್ತುಕೊಂಡವನು ಅವನ ಭಾವ, ಕನ್ನಡಕದ ಅಂಗಡಿಯವನು. ಅಕ್ಕನ ಗಂಡ ಅನ್ನುವುದು ಬಿಟ್ಟರೆ ಇಬ್ಬರ ನಡುವೆ ಒಂದು ಒಳ್ಳೆಯ ಮಾತಿಲ್ಲ. ಹೋದ ವರ್ಷದ ಆಯ್ಕೆ ಪಂದ್ಯದಲ್ಲಿ ಭಾವ ಮೂರನೇ ನಡೆಗೆ ಕುದುರೆಯನ್ನು ಬೇಕೆಂದೇ ಸೊಟ್ಟಗೆ ಇಟ್ಟ. ದರ್ಜಿ ರಾಣಿಯನ್ನು ಅಂಚಿಗೆ ಸರಿಸಿದ. ಈಗ ಅವಳ ದಾರಿಗೆ ನೇರ ಅದೇ ಕುದುರೆ, ಅದರ ಹಿಂದೆ ಕಾಲಾಳಿನ ಕಾವಲು. ಮುಂದಿನ ಸರದಿಗೆ ದರ್ಜಿಯ ಬಲಗೈ ತಾನಾಗಿ ಹೋಗಿ ಕುದುರೆಯನ್ನು ನೆಟ್ಟಗೆ ಮಾಡಿತು. ‘ಸರಿಪಡಿಸ್ತೀನಿ’ ಎಂದು ಮೊದಲೇ ಹೇಳಿದ್ದರೆ ತಪ್ಪಿರಲಿಲ್ಲ.

“ಮುಟ್ಟಿದ್ರಿ ಟೈಲರ್ರೇ, ಹೊಡೀರಿ,” ಅಂದ ಭಾವ.

ಎದುರಾಳಿಯ ಕಾಯಿ ಮುಟ್ಟಿದರೆ ಹೊಡೆಯಲೇಬೇಕು. ಹೊಡೆಯಬಲ್ಲವಳು ರಾಣಿ ಒಬ್ಬಳೇ. ರಾಣಿ ಹೋದಳು, ಮೊದಲ ಬೋರ್ಡೂ ಹೋಯಿತು. ಆ ತೀರ್ಪು ಕೊಡಬೇಕಾದವನು ನಾನೇ.

ಈ ವರ್ಷ ಅದೇ ಪಂದ್ಯಕ್ಕೆ ದರ್ಜಿ ಹೊಸ ಪ್ಯಾಂಟ್ ಹೊಲಿದುಕೊಂಡು ಬಂದ. ಬಲಜೇಬಿಗೆ ದಪ್ಪ ಗುಂಡಿ. ಕೈಯನ್ನು ಜೇಬಿಗೆ ತೂರಿಸಿ, ಮಣಿಕಟ್ಟಿಗೆ ಬಿಗಿಯಾಗಿ ಗುಂಡಿ ಹಾಕಿಕೊಂಡ.

“ಬಾಯಿಬಿಟ್ಟು ಒಂದ್ ಮಾತು ಹೇಳಿ ಸರಿಮಾಡ್ಕೊಳ್ಳಯ್ಯ,” ಅಂದೆ.

“ಆ ಮನುಷ್ಯನ ಮುಂದೆ ನಾನ್ಯಾಕೆ ಬಾಯಿ ಬಿಡ್ಲಿ?”

ಅದೇ ಆರಂಭ, ಅದೇ ರಾಣಿ. ಕುದುರೆ ಮಾತ್ರ ಹೋದ ಸಲಕ್ಕಿಂತ ಸೊಟ್ಟ. ಜೇಬಿನೊಳಗೆ ಕೈ ಹೆಗ್ಗಣದಂತೆ ಒದ್ದಾಡಿತು. ದರ್ಜಿ ಎಡಗೈಯಲ್ಲೇ ಆಡಿದ. ಭಾವನಿಗೆ ಆ ಬಲಗೈ ಹೊರಬರುವುದನ್ನು ಕಾಯುವುದೇ ಕೆಲಸವಾಯಿತು. ಒಡ್ಡಿದ ಬಲೆ ಬಿಡಲಾರದೆ ಕುದುರೆಯನ್ನು ಕದಲಿಸಲೇ ಇಲ್ಲ. ನಲವತ್ತನೇ ನಡೆಯ ಹೊತ್ತಿಗೆ ಅವನ ರಾಜನಿಗೆ ದಿಕ್ಕಿರಲಿಲ್ಲ. ನನಗೆ ಕುಣಿಯಬೇಕೆನಿಸಿತು, ತೀರ್ಪುಗಾರ ಕುಣಿಯಬಾರದು.

ಭಾವ ರಾಜನನ್ನು ಮಲಗಿಸಿದ. ಎಲ್ಲರೂ ನೋಡುತ್ತಿದ್ದಾರೆಂದು ಕೈಕುಲುಕಲು ಬಲಗೈ ಚಾಚಿದ.

ದರ್ಜಿ ಗುಂಡಿ ಬಿಚ್ಚಲಿಲ್ಲ. ಎಡಗೈಯಿಂದ ಆ ಕುದುರೆಯನ್ನು ಎತ್ತಿ ಅದರ ಚೌಕದ ನಟ್ಟನಡುವೆ ನೆಟ್ಟಗೆ ನಿಲ್ಲಿಸಿದ.

“ಸರಿಪಡಿಸ್ತೀನಿ, ಭಾವ,” ಅಂದ.