ಹಸಿ ನೆಲದ ಮೇಲೆ ಆಕಳು

ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ನಮ್ಮ ಹೊಸ ಮನೆಗೆ ಕೆಂಪು ನೆಲ ಹಾಕಿದ ಗೌಂಡಿಯ ಅಂಗೈ ಹಬ್ಬದ ದಿನವೂ ಕೆಂಪಗೇ ಇರುತ್ತಿತ್ತು. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸುವಾಗ ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದರು. "ಇದು ಕಬ್ಬಿಣದ ತುಕ್ಕಿನ ಬಣ್ಣರಿ. ಬ್ಯಾಡಗಿ ಮೆಣಸಿನಕಾಯಿನೂ ಬಿಸಿಲಿಗೆ ಬೆಳ್ಳಗ ಆಗ್ತದ. ಇದು ಬಿಸಿಲಿಗೆ ಹೋಗಂಗಿಲ್ಲ, ನೀರಿಗೆ ಹೋಗಂಗಿಲ್ಲ," ಎನ್ನುವುದು ಅವರ ದಿನದ ಮಾತು.

ಪಡಸಾಲೆಯ ನೆಲ ತಿಕ್ಕಿ ಮುಗಿಸಿದ ಸಂಜೆ ಅಪ್ಪನಿಗೆ ಹೇಳಿದರು: "ನಾಕು ದಿನ ಯಾರೂ ಕಾಲಿಡಬ್ಯಾಡ್ರಿ ಸಾವ್ಕಾರ್ರ, ಇನ್ನೂ ಹಸಿ ಐತಿ."

ಅಪ್ಪ ತಲೆಯಾಡಿಸಿದ. ಮರುದಿನ ಬೆಳಗ್ಗೆ, ಮುಹೂರ್ತ ತಪ್ಪಬಾರದೆಂದು, ಗೃಹಪ್ರವೇಶದ ಆಕಳನ್ನು ಅದೇ ನೆಲದ ಮೇಲೆ ನಡೆಸಿದ. ಗೊರಸಿನ ಗುರುತುಗಳು ಆರು ಕಡೆ ಮೂಡಿದವು. ಇದೇನೆಂದು ಬೀಗರು ಕೇಳಿದ್ದಕ್ಕೆ ಎಲ್ಲರೆದುರು, "ಗೌಂಡಿ ಮಾಲು ಸರಿ ಕಲಸಿಲ್ರಿ," ಅಂದ.

ಊಟಕ್ಕೆಂದು ಬಂದಿದ್ದ ಗೌಂಡಿ ಅದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿದರು.

"ಬಿಸಿಲಿಗೆ ಹೋಗಂಗಿಲ್ಲ, ನೀರಿಗೆ ಹೋಗಂಗಿಲ್ಲ. ನಿಮ್ಮ ಸುಳ್ಳಿಗೂ ಹೋಗಂಗಿಲ್ಲ ಸಾವ್ಕಾರ್ರ," ಎಂದವರು ಊಟ ಮಾಡದೆ ಹೊರಟುಹೋದರು.

ಅಪ್ಪ ಅಂದೇ ಆ ಗುರುತುಗಳ ಮೇಲೆ ಜಮಖಾನ ಹಾಸಿದ. ಮನೆಗೆ ಬಂದವರೆದುರು ಇವತ್ತಿಗೂ ಗೌಂಡಿಯನ್ನೇ ಬೈಯುತ್ತಾನೆ. ಅವನು ಶುರು ಮಾಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎದ್ದು, ಬಂದವರ ಮುಂದೆಯೇ, ಗೊರಸಿನ ಗುರುತು ಕಾಣುವಂತೆ ಜಮಖಾನವನ್ನು ಎಳೆದು ಬಿಸಾಕುತ್ತೇನೆ.