ಕೊನೆಯ ಹತ್ತು ನಿಮಿಷ

ಅತ್ತಿಗುಪ್ಪೆಯ ಪೇಂಟ್ ಅಂಗಡಿ ರುದ್ರಸ್ವಾಮಿಯವರು ಬೆಂಗಳೂರು ತಂಡದ ಒಂದು ಫುಟ್‌ಬಾಲ್ ಪಂದ್ಯವನ್ನೂ ತಪ್ಪಿಸಿದವರಲ್ಲ, ಒಂದನ್ನೂ ಪೂರ್ತಿ ನೋಡಿದವರೂ ಅಲ್ಲ. ತಂಡ ಪರ ಊರಿನಲ್ಲಿ ಒಂದೇ ಗೋಲಿನಿಂದ ಮುಂದಿದ್ದರಂತೂ ಮುಗಿಯಿತು. ಕೊನೆಯ ಹತ್ತು ನಿಮಿಷ ಟಿವಿಯ ಮುಂದೆ ಕೂರಲಾರದೆ, ಹಣೆಗೆ ಮತ್ತೊಮ್ಮೆ ವಿಭೂತಿ ಬಳಿದುಕೊಂಡು, ಬಾಗಿಲಾಚೆ ನಿಂತು ಒಣಗಿದ ಬಟ್ಟೆ ಮಡಚುತ್ತಾರೆ. ಒಳಗೆ ಕೂತು ಪಂದ್ಯ ನೋಡಿ ಹೇಳುವ ಕೆಲಸ ಹೆಂಡತಿ ಜಯದೇವಿಯವರದು. ನಿನ್ನೆ ಸಂಜೆ ಕೋಲ್ಕತ್ತದ ಪಂದ್ಯದಲ್ಲೂ ಹಾಗೆಯೇ ಆಯಿತು. "ಏನಾಯ್ತೇ?" "ಏನಿಲ್ಲ ರೀ, ಚೆಂಡು ನಮ್ಮವರ ಹತ್ರಾನೇ ಇದೆ. ನೀವು ಆ ಲುಂಗಿ ನೆಟ್ಟಗೆ ಮಡಚಿ." ಒಂದೇ ಲುಂಗಿಯನ್ನು ನಾಲ್ಕನೇ ಸಲ ಮಡಚುವಾಗ "ಗೆದ್ವಿ, ಒಳಗ್ ಬನ್ನಿ" ಎಂಬ ಕೂಗು ಬಂತು. ಅವರು ಗೋಲ್‌ಕೀಪರಿಗೆ, ರೆಫರಿಗೆ, ಕೋಲ್ಕತ್ತದ ಗಾಳಿಗೂ ಕೈಮುಗಿದರು. ಬೆಳಿಗ್ಗೆ ಪೇಪರು ಬಿಡಿಸಿದರೆ, ಆ ಹತ್ತು ನಿಮಿಷವೂ ಚೆಂಡು ಎದುರಾಳಿಗಳ ಕಾಲಲ್ಲೇ ಇತ್ತು. ಎರಡು ಸಲ ನಮ್ಮ ಗೋಲಿನ ಕಂಬಕ್ಕೇ ಬಡಿದಿತ್ತು. ಕಾಫಿ ತಂದ ಜಯದೇವಿಯವರು "ಏನ್ ಬರ್ದಿದಾರೆ?" ಎಂದರು. ಲೋಟ ಹಿಡಿದ ಬೆರಳುಗಳನ್ನು ರುದ್ರಸ್ವಾಮಿಯವರು ನೋಡಿದರು. ಐದೂ ಉಗುರು ಕಚ್ಚಿ ಕಚ್ಚಿ ಬುಡದವರೆಗೆ ಸವೆದಿದ್ದವು. "ನೀನ್ ಹೇಳಿದ್ದನ್ನೇ ಬರ್ದಿದಾರೆ ಕಣೇ" ಎನ್ನುತ್ತ ಪೇಪರನ್ನು ನೆಟ್ಟಗೆ ಮಡಚಿಟ್ಟರು.